ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ತರುಣರಿಗೆ ಒಂದು ಬಹಿರಂಗ ಪತ್ರ

ಪ್ರಿಯ ತರುಣ ಬಂಧುಗಳೇ,

ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನಂಬಿ ಭತ್ತ ಬೆಳೆಯುವ ಸಿಂಧನೂರಿನ ಕ್ಯಾಂಪುಗಳಲ್ಲಿ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ, ಮಸ್ಕಿಯ ಬೆಟ್ಟದಡಿಯ ಅಂಗಡಿಸಾಲುಗಳಲ್ಲಿ, ಮತ್ತು ಮಳೆ ಕೈಕೊಟ್ಟ ವರ್ಷ ಗುಳೆ ಹೋಗಿ ಬೆಂಗಳೂರಿನ ತಗಡಿನ ಶೆಡ್ಡುಗಳಲ್ಲಿ ಬಾಳುವೆ ಮಾಡುತ್ತಿರುವ ನಿಮ್ಮೆಲ್ಲರನ್ನೂ ಒಟ್ಟಾಗಿ ಸಂಬೋಧಿಸಿ ಈ ಪತ್ರವನ್ನು ಬರೆಯಲು ಒಂದು ಕಾರಣವುಂಟು. ಹದಿನೈದರಿಂದ ನಲವತ್ತರವರೆಗಿನ ವಯಸ್ಸಿನ ಗಂಡಸರಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುವ ಒಂದು ವ್ಯಾಧಿಯಿದೆ. ಅದರ ಹೆಸರನ್ನು ತಂದೆ ಮಗನ ಮುಂದೆ ಎತ್ತುವುದಿಲ್ಲ, ಅಣ್ಣ ತಮ್ಮನ ಮುಂದೆ ಎತ್ತುವುದಿಲ್ಲ, ಗಂಡನಾದವನು ಹೆಂಡತಿಯ ಮುಂದೆ ಎತ್ತಲು ಹಿಂಜರಿಯುತ್ತಾನೆ. ವೈದ್ಯಗ್ರಂಥಗಳು ವೃಷಣದ ಕ್ಯಾನ್ಸರ್ ಎಂದು ಕರೆಯುವ, ನಮ್ಮ ಆಡುಮಾತಿನಲ್ಲಿ ತರಡಿನ ಬೀಜದ ಕ್ಯಾನ್ಸರ್ ಎನ್ನಬಹುದಾದ ರೋಗವದು. ಹೆಸರೆತ್ತಲು ನಾಚುವ ಈ ಅಂಗದ ವಿಷಯದಲ್ಲಿಯೇ ಆಧುನಿಕ ವೈದ್ಯಶಾಸ್ತ್ರವು ತನ್ನ ಅತ್ಯಂತ ಉಜ್ಜ್ವಲವಾದ ವಿಜಯಗಳಲ್ಲೊಂದನ್ನು ಸಾಧಿಸಿದೆಯೆಂಬುದನ್ನೂ, ಆ ವಿಜಯದ ಸೀಮೆಯಾಚೆ ಉಳಿದ ಕೆಲವೇ ರೋಗಿಗಳಿಗಾಗಿ ಮನುಷ್ಯನ ಸ್ವಂತ ರಕ್ತದ ಕಣಗಳನ್ನೇ ಔಷಧವನ್ನಾಗಿ ಮಾರ್ಪಡಿಸುವ ಒಂದು ಹೊಸ ವಿದ್ಯೆ ಮೂಡುತ್ತಿದೆಯೆಂಬುದನ್ನೂ ನಿಮಗೆ ತಿಳಿಸುವುದು ನನ್ನ ಉದ್ದೇಶ.

ನಾನು ಹೇಳಬೇಕಾಗಿರುವ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕ್ಯಾನ್ಸರು ದುಸ್ಸಾಧ್ಯವಾಗುವುದು ಎರಡು ಮಾರ್ಗಗಳಿಂದ. ಒಂದು, ರೋಗದ ಸ್ವಭಾವವೇ ಕ್ರೂರವಾಗಿದ್ದು, ಸಕಾಲದಲ್ಲಿ ಸರಿಯಾದ ಚಿಕಿತ್ಸೆ ದೊರೆತರೂ ಅದು ಮಣಿಯದೆ ಮರಳಿ ಬರುವುದು. ಇನ್ನೊಂದು, ಸುಲಭವಾಗಿ ಗುಣವಾಗಬಹುದಾಗಿದ್ದ ರೋಗವನ್ನು ನಾಚಿಕೆಯಿಂದ, ಅಲಕ್ಷ್ಯದಿಂದ, ಹಣದ ಅಡಚಣೆಯಿಂದ ನಾವೇ ಬೆಳೆಯಗೊಟ್ಟು ದುಸ್ಸಾಧ್ಯವನ್ನಾಗಿ ಮಾಡಿಕೊಳ್ಳುವುದು. ಮೊದಲನೆಯದನ್ನು ಗೆಲ್ಲುವ ಭಾರ ವಿಜ್ಞಾನಿಗಳದು. ಆ ಭಾರವನ್ನು ಅವರು ಹೊತ್ತಿದ್ದಾರೆ. ಎರಡನೆಯದನ್ನು ನಿವಾರಿಸುವ ಭಾರ ನಿಮ್ಮದು, ನಿಮ್ಮ ಹಿರಿಯರದು, ನಮ್ಮ ಸರ್ಕಾರದ್ದು. ಒಂದರ ಭರವಸೆಯನ್ನು ನಂಬಿಕೊಂಡು ಇನ್ನೊಂದನ್ನು ಮರೆತರೆ ಎರಡೂ ಕೈತಪ್ಪುತ್ತವೆ.

ನಮ್ಮ ದೇಶದಲ್ಲಿ ಈ ರೋಗ ವಿರಳವೆಂಬುದು ನಿಜ. ಡೆನ್ಮಾರ್ಕ್, ನಾರ್ವೆಗಳಲ್ಲಿ ಪ್ರತಿ ಲಕ್ಷ ಗಂಡಸರಲ್ಲಿ ವರ್ಷಕ್ಕೆ ಸುಮಾರು ಹತ್ತು ಮಂದಿಗೆ ಬರುವ ಇದು ಭಾರತದಲ್ಲಿ ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಆದರೆ ವಿರಳವಾಗಿರುವುದೇ ನಮ್ಮ ಭಾಗದಲ್ಲಿ ಅಪಾಯಕ್ಕೆ ಹೇತುವಾಗುತ್ತದೆ. ರಾಯಚೂರು ಜಿಲ್ಲೆಯು ಆನೆಕಾಲು ರೋಗದ ಬಾಧೆಗೆ ಒಳಗಾದ ಕರ್ನಾಟಕದ ಜಿಲ್ಲೆಗಳಲ್ಲೊಂದು. ಆ ರೋಗದ ದೆಸೆಯಿಂದ ತರಡಿನಲ್ಲಿ ನೀರು ತುಂಬಿಕೊಳ್ಳುವ ಹೈಡ್ರೋಸಿಲ್ ಎಂಬ ಬಾವನ್ನು ನಮ್ಮ ಹಿರಿಯರು ಬಹುಕಾಲದಿಂದ ಕಂಡವರು. ಆದಕಾರಣ ತರುಣನೊಬ್ಬನಿಗೆ ಆ ಭಾಗದಲ್ಲಿ ಬಾವು ಕಾಣಿಸಿಕೊಂಡರೆ, "ನೀರು ತುಂಬಿದೆ, ಅಷ್ಟೇ" ಎಂಬ ಸಮಾಧಾನ ಮನೆಯಲ್ಲಿಯೂ ಸಿಕ್ಕುತ್ತದೆ, ಊರಿನಲ್ಲಿಯೂ ಸಿಕ್ಕುತ್ತದೆ. ಕತ್ತಲೆ ಕೋಣೆಯಲ್ಲಿ ವೈದ್ಯರು ಬಾವಿನ ಹಿಂಬದಿಗೆ ಸಣ್ಣ ಟಾರ್ಚು ಹಿಡಿದು ನೋಡಿದರೆ, ಬರಿಯ ನೀರಾಗಿದ್ದಲ್ಲಿ ಬೆಳಕು ಕೆಂಪಗೆ ಹಾಯ್ದು ಈಚೆಗೆ ಕಾಣುತ್ತದೆ. ಗಟ್ಟಿಯಾದ ಗಡ್ಡೆಯಾಗಿದ್ದಲ್ಲಿ ಬೆಳಕು ಅಲ್ಲಿಯೇ ತಡೆದು ನಿಲ್ಲುತ್ತದೆ. ಆದರೆ ಗಡ್ಡೆಯ ಸುತ್ತಲೂ ನೀರು ತುಂಬಿಕೊಂಡು ಟಾರ್ಚಿನ ಕಣ್ಣನ್ನೂ ವಂಚಿಸುವ ಸಂದರ್ಭಗಳುಂಟು. ತೀರ್ಪು ಕೊಡಬಲ್ಲದ್ದು ಅಲ್ಟ್ರಾಸೌಂಡ್ ಸ್ಕ್ಯಾನಿಂಗು. ಸೂಜಿಯಿಲ್ಲದ, ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆಯದು.

ಲಕ್ಷಣಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ, ಸಂಕೋಚಪಡದೆ ಓದಿರಿ. ಬೀಜದಲ್ಲಿ ನೋವಿಲ್ಲದ ಒಂದು ಗಟ್ಟಿ ಗಂಟು, ಅಥವಾ ಒಂದು ಬೀಜ ಇನ್ನೊಂದಕ್ಕಿಂತ ದಪ್ಪವಾಗಿ ಕಲ್ಲಿನಂತೆ ತೂಗುವುದು ಮೊದಲ ಕುರುಹು. ನೋವಿಲ್ಲದಿರುವುದರಿಂದಲೇ ಅದನ್ನು ಕಡೆಗಣಿಸುವುದು ಸಾಮಾನ್ಯವಾಗಿದೆ. ರೋಗ ಮುಂದುವರಿದು ಹೊಟ್ಟೆಯ ಹಿಂಭಾಗದ ಗ್ರಂಥಿಗಳಿಗೆ ಹರಡಿದರೆ ಸೊಂಟದ ನೋವು ಬರುತ್ತದೆ. ಎದೆಗೂಡಿಗೆ ಹರಡಿದರೆ ಕೆಮ್ಮು, ಉಬ್ಬಸ ಬರುತ್ತವೆ. ಕೆಲವರಿಗೆ ಎದೆ ಹೆಣ್ಣಿನಂತೆ ಊದಿಕೊಳ್ಳುವುದೂ ಉಂಟು. ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನವಾದ ಬಳಿಕ, ಚರ್ಮ ಸಡಿಲವಾಗಿರುವಾಗ, ಒಂದೊಂದೇ ಬೀಜವನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಮೆಲ್ಲನೆ ಹೊರಳಿಸಿ ನೋಡಿಕೊಂಡರೆ ಸಾಕು. ಹಿಂಬದಿಯಲ್ಲಿ ಕೈಗೆ ಸಿಗುವ ಮೆತ್ತನೆಯ ಸುರುಳಿ ಸಹಜವಾದದ್ದು. ಬೀಜದ ಮೈಮೇಲೆಯೇ ಅಂಟಿಕೊಂಡ ಗಟ್ಟಿ ಗಂಟು ಸಹಜವಲ್ಲ. ಹುಟ್ಟುವಾಗಲೇ ಒಂದು ಬೀಜ ಕೆಳಗಿಳಿಯದೆ ಹೊಟ್ಟೆಯಲ್ಲಿಯೇ ಉಳಿದವರಿಗೆ ಈ ರೋಗದ ಸಂಭವ ಉಳಿದವರಿಗಿಂತ ಹೆಚ್ಚು; ಆದ್ದರಿಂದ ನಿಮ್ಮಲ್ಲಿ ತಂದೆಯಾದವರು ತಮ್ಮ ಗಂಡುಮಗುವಿಗೆ ಎರಡೂ ಬೀಜಗಳು ಕೆಳಗಿಳಿದಿವೆಯೇ ಎಂದು ಮೊದಲ ವರ್ಷದಲ್ಲಿಯೇ ನೋಡಿಸಿ, ಇಳಿಯದಿದ್ದರೆ ಶಸ್ತ್ರಚಿಕಿತ್ಸೆ ಮಾಡಿಸತಕ್ಕದ್ದು.

ಈಗ ಆ ವಿಜಯದ ಕಥೆ. 1965ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ವಿಶ್ವವಿದ್ಯಾನಿಲಯವೊಂದರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿಯು ಬ್ಯಾಕ್ಟೀರಿಯಗಳ ಮೇಲೆ ವಿದ್ಯುತ್ತಿನ ಪ್ರಭಾವವನ್ನು ಪರೀಕ್ಷಿಸುತ್ತಿದ್ದಾಗ, ಅವು ಇಬ್ಭಾಗವಾಗುವುದನ್ನು ನಿಲ್ಲಿಸಿ ಉದ್ದುದ್ದಕ್ಕೆ ಬೆಳೆದುದನ್ನು ಕಂಡನು. ಕಾರಣವನ್ನು ಹುಡುಕುತ್ತ ಹೋದಾಗ ಅದು ವಿದ್ಯುತ್ತಿನ ಕೆಲಸವಲ್ಲ, ವಿದ್ಯುತ್ತು ಹಾಯಿಸಲು ಬಳಸಿದ್ದ ಪ್ಲಾಟಿನಂ ಲೋಹದಿಂದ ಹುಟ್ಟಿದ ಒಂದು ಸಂಯುಕ್ತದ ಕೆಲಸವೆಂದು ತಿಳಿಯಿತು. ಆ ಸಂಯುಕ್ತವೇ ಸಿಸ್‌ಪ್ಲಾಟಿನ್. 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದ ತರುಣ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಅವರು ಅದನ್ನು ಬೇರೆ ಎರಡು ಔಷಧಗಳೊಡನೆ ಕೂಡಿಸಿ ಜಾನ್ ಕ್ಲೀಲ್ಯಾಂಡ್ ಎಂಬ ಇಪ್ಪತ್ತಮೂರರ ಯುವಕನಿಗೆ ಕೊಟ್ಟರು. ಉಳಿದ ಚಿಕಿತ್ಸೆಗಳೆಲ್ಲ ಸೋತು ರೋಗ ಶ್ವಾಸಕೋಶಗಳನ್ನು ತುಂಬಿದ್ದ ಆ ಯುವಕ ಬದುಕಿದನು, ಮುಂದೆ ದೀರ್ಘಕಾಲ ಅಧ್ಯಾಪಕನಾಗಿ ಬಾಳಿದನು. ಅದಕ್ಕೆ ಮೊದಲು, ದೇಹದಲ್ಲಿ ಹರಡಿದ ಮೇಲೆ ಈ ರೋಗದಿಂದ ಉಳಿಯುತ್ತಿದ್ದವರು ನೂರಕ್ಕೆ ಹತ್ತು ಮಂದಿಯೂ ಅಲ್ಲ. ಇಂದು ಹರಡಿದವರಲ್ಲಿಯೂ ನೂರಕ್ಕೆ ಸುಮಾರು 80 ಮಂದಿ ಗುಣಹೊಂದುತ್ತಾರೆ, ಬೀಜದಲ್ಲಿಯೇ ಇರುವಾಗ ಹಿಡಿದರೆ ಬಹುಮಟ್ಟಿಗೆ ಎಲ್ಲರೂ ಗುಣಹೊಂದುತ್ತಾರೆ. ನಿಮಗೆಲ್ಲರಿಗೂ ಪರಿಚಿತರಾದ ಯುವರಾಜ್ ಸಿಂಗ್ ಅವರಿಗೆ ಬಂದದ್ದು ಇದೇ ಕುಲದ ಗಡ್ಡೆ; ಅವರಲ್ಲಿ ಅದು ಎದೆಗೂಡಿನೊಳಗೆ ಹುಟ್ಟಿತ್ತು. 2011ರ ವಿಶ್ವಕಪ್ಪಿನ ಶ್ರೇಷ್ಠ ಆಟಗಾರನೆನಿಸಿದ ಅವರು 2012ರ ಆರಂಭದಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಅದೇ ಐನ್‌ಹಾರ್ನ್ ಅವರ ಪಾಲನೆಯಲ್ಲಿ ಚಿಕಿತ್ಸೆ ಪಡೆದು, ಆ ವರ್ಷದ ಸೆಪ್ಟೆಂಬರಿನಲ್ಲಿಯೇ ಮರಳಿ ಭಾರತದ ಪರವಾಗಿ ಆಡಿದರು.

ಯುವರಾಜರಿಗೆ ದೊರೆತ ಔಷಧಗಳು ಅಮೆರಿಕದ ಸೊತ್ತಲ್ಲ. ಸಿಸ್‌ಪ್ಲಾಟಿನ್, ಎಟೊಪೊಸೈಡ್, ಬ್ಲಿಯೋಮೈಸಿನ್ ಎಂಬ ಮೂರೂ ನಮ್ಮ ದೇಶದಲ್ಲಿಯೇ ತಯಾರಾಗುತ್ತವೆ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಇವು ಬಡವನಿಗೂ ದೊರೆಯುತ್ತವೆ. ಕಲಬುರಗಿಯಲ್ಲಿಯೂ ಕಿದ್ವಾಯಿಯ ಶಾಖೆಯುಂಟು. ಐದು ದಿನ ಒಂದೇ ಸಮನೆ ಬಾಟ್ಲಿ ಏರಿಸುವುದು, ಆಮೇಲೆ ವಾರಕ್ಕೊಂದು ಇಂಜೆಕ್ಷನ್, 21 ದಿನಗಳಿಗೆ ಒಂದು ಸುತ್ತು, ಹಾಗೆ ಮೂರು ಅಥವಾ ನಾಲ್ಕು ಸುತ್ತು: ಇಷ್ಟೇ ಆ ವಿಧಾನ. ಇಷ್ಟೇ ಎಂದೆನಾದರೂ ಅದು ಹಗುರವಾದ ವ್ರತವಲ್ಲ. ವಾಂತಿ, ಸುಸ್ತು, ಕೂದಲುದುರುವುದು, ಕಿವಿಯಲ್ಲಿ ಗುಂಯ್‌ಗುಟ್ಟುವುದು ಎಲ್ಲವೂ ಉಂಟು. ಆದರೂ ಒಂದು ಸುತ್ತನ್ನು ಮುಗಿಸಿ, ಮೈ ತುಸು ಹಗುರಾಯಿತೆಂದು ಊರಿಗೆ ಬಂದು, ನಾಟಿ ಮುಗಿಯಲಿ, ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ ಎಂದು ಎರಡನೆಯ ಸುತ್ತನ್ನು ಮುಂದೂಡುವವನು ತನ್ನ ರೋಗಕ್ಕೆ ತಾನೇ ಬಲವನ್ನು ಕೊಟ್ಟಂತಾಗುತ್ತದೆ. ಈ ಗಡ್ಡೆಗಳಲ್ಲಿ ಕೆಲವು ಹತ್ತರಿಂದ ಮೂವತ್ತು ದಿನಗಳೊಳಗೆ ಇಮ್ಮಡಿಯಾಗಬಲ್ಲವು. ಮದ್ದಿನಿಂದ ಸಾಯದೆ ಉಳಿದ ಕೋಶಗಳು ಮುಂದಿನ ಸಲ ಅದೇ ಮದ್ದಿಗೆ ಮಣಿಯದಿರಬಹುದು. ದುಸ್ಸಾಧ್ಯವಾದ ರೋಗ ನಮ್ಮ ಕೈಯಾರೆ ಸಿದ್ಧವಾಗುವ ಬಗೆ ಇದು.

ಅದರ ಜೊತೆಗೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಸಂಶಯವಿರುವ ಬೀಜಕ್ಕೆ ತರಡಿನ ಚರ್ಮದ ಮೂಲಕ ಸೂಜಿ ಚುಚ್ಚಿ ಪರೀಕ್ಷಿಸಬಾರದು, ಅಲ್ಲಿಯೇ ಕೊಯ್ದು ನೀರು ತೆಗೆಯಬಾರದು. ಬೀಜದ ದುಗ್ಧರಸನಾಳಗಳು ಹೊಟ್ಟೆಯ ಹಿಂಭಾಗಕ್ಕೆ ಹೋಗುತ್ತವೆ. ತರಡಿನ ಚರ್ಮದ ನಾಳಗಳು ತೊಡೆಸಂದಿಗೆ ಹೋಗುತ್ತವೆ. ಚರ್ಮವನ್ನು ಭೇದಿಸಿದರೆ ರೋಗಕ್ಕೆ ಹೊಸದೊಂದು ದಾರಿ ತೆರೆದಂತಾಗುತ್ತದೆ. ಬೀಜವನ್ನು ಅದರ ನಾಳದೊಡನೆ ತೊಡೆಸಂದಿನ ಕಡೆಯಿಂದ ಹೊರತೆಗೆಯುವುದೇ ಸರಿಯಾದ ಕ್ರಮ. ಅದಕ್ಕೆ ಮುನ್ನ ಎ.ಎಫ್.ಪಿ., ಬೀಟಾ ಎಚ್.ಸಿ.ಜಿ., ಎಲ್.ಡಿ.ಎಚ್. ಎಂಬ ಮೂರು ರಕ್ತಪರೀಕ್ಷೆಗಳನ್ನು ಮಾಡಿಸಿರಬೇಕು. ಗಡ್ಡೆಯನ್ನು ತೆಗೆದ ಮೇಲೆ ಎಚ್.ಸಿ.ಜಿ. ಒಂದೂವರೆ ದಿನದೊಳಗಾಗಿಯೂ ಎ.ಎಫ್.ಪಿ. ಐದರಿಂದ ಏಳು ದಿನಗಳಲ್ಲಿಯೂ ಅರ್ಧಕ್ಕೆ ಇಳಿಯುತ್ತ ಹೋಗಬೇಕು. ಇಳಿಯದಿದ್ದರೆ ದೇಹದಲ್ಲಿ ಇನ್ನೂ ರೋಗವಿದೆಯೆಂದು ಆ ಪುಟ್ಟ ಚೀಟಿಯೇ ಸಾರಿ ಹೇಳುತ್ತದೆ. ಒಂದು ಬೀಜ ಹೋದರೆ ಗಂಡಸುತನ ಹೋಯಿತೆಂಬ ಭಯ ನಿರಾಧಾರವಾದುದು. ಉಳಿದ ಒಂದು ಬೀಜವೇ ದಾಂಪತ್ಯಕ್ಕೂ ಸಂತಾನಕ್ಕೂ ಸಾಮಾನ್ಯವಾಗಿ ಸಾಕು. ಮೇಲೆ ಹೇಳಿದ ಮದ್ದುಗಳ ಚಿಕಿತ್ಸೆಯಾದ ಕಿಮೋಥೆರಪಿಯಿಂದ ಸಂತಾನಶಕ್ತಿಗೆ ಧಕ್ಕೆಯಾಗಬಹುದೆಂಬ ಕಾರಣಕ್ಕೆ ಚಿಕಿತ್ಸೆಗೆ ಮೊದಲೇ ವೀರ್ಯವನ್ನು ಶೀತಲೀಕರಿಸಿ ಇಡುವ ವ್ಯವಸ್ಥೆಯುಂಟು. ಅದನ್ನು ವೈದ್ಯರಲ್ಲಿ ಕೇಳಲು ನಾಚಬೇಕಾಗಿಲ್ಲ. ಹೆಣ್ಣು ಯಾರು ಕೊಟ್ಟಾರು ಎಂಬ ಚಿಂತೆಯಿಂದ ರೋಗವನ್ನು ಮುಚ್ಚಿಟ್ಟ ಮನೆಯವರು ಮದುವೆಯನ್ನೂ ಮಗನನ್ನೂ ಕೂಡಿಯೇ ಕಳೆದುಕೊಳ್ಳುವ ಸಂಭವವಿದೆ.

ಇಷ್ಟೆಲ್ಲವನ್ನೂ ಸರಿಯಾಗಿ ಮಾಡಿದರೂ ರೋಗ ಮರಳಿ ಬರುವ ತರುಣರು ಇದ್ದಾರೆ. ಅವರಿಗೂ ದಾರಿ ಮುಗಿದಿಲ್ಲ. ರೋಗಿಯ ಅಸ್ಥಿಮಜ್ಜೆಯ ಮೂಲಕೋಶಗಳನ್ನು ಮೊದಲೇ ತೆಗೆದು ಕಾಪಾಡಿಕೊಂಡು, ಅತಿ ಹೆಚ್ಚಿನ ಪ್ರಮಾಣದ ಕಿಮೋಥೆರಪಿಯನ್ನು ಕೊಟ್ಟು, ಆಮೇಲೆ ಆ ಕೋಶಗಳನ್ನು ಅವನಿಗೇ ಹಿಂದಿರುಗಿಸುವ ಒಂದು ಕ್ರಮವುಂಟು. ಐನ್‌ಹಾರ್ನ್ ಅವರ ತಂಡವು 2007ರಲ್ಲಿ ಪ್ರಕಟಿಸಿದ ವರದಿಯಂತೆ, ಹಾಗೆ ಚಿಕಿತ್ಸೆ ಪಡೆದ 184 ರೋಗಿಗಳಲ್ಲಿ 116 ಮಂದಿ ರೋಗ ಮರುಕಳಿಸದೆ ಉಳಿದರು. ಸೋತ ಆಟವೆಂದು ಮನೆಗೆ ಕಳುಹಿಸಲಾಗುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿದರೆಂದರೆ ಅದೇನು ಸಾಮಾನ್ಯ ಸಾಧನೆಯೇ? ಅಸ್ಥಿಮಜ್ಜೆ ಕಸಿಯ ಘಟಕಗಳು ಬೆಂಗಳೂರಿನಲ್ಲಿಯೂ ಇವೆ. "ಇನ್ನೇನೂ ಮಾಡಲಾಗದು" ಎಂಬ ಮಾತನ್ನು ಯಾರಾದರೂ ಹೇಳಿದರೆ, ಈ ಚಿಕಿತ್ಸೆಯ ವಿಚಾರವನ್ನು ಕೇಳದೆ ಆ ಮಾತನ್ನು ಒಪ್ಪಿಕೊಳ್ಳಬೇಡಿರಿ.

ಅದೂ ಫಲಿಸದವರಿಗಾಗಿ, ಅಂದರೆ ಪ್ಲಾಟಿನಮ್ಮಿಗೆ ಬಗ್ಗದ, ಅಧಿಕ ಪ್ರಮಾಣದ ಮದ್ದಿಗೂ ಬಗ್ಗದ ರೋಗಕ್ಕಾಗಿ ಉದಯಿಸಿರುವುದೇ ನಾನು ಮೊದಲು ಸೂಚಿಸಿದ ಹೊಸ ವಿದ್ಯೆ. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಟಿ ಕೋಶಗಳೆಂಬ ಒಂದು ವರ್ಗವಿದ್ದು, ಸೋಂಕಿಗೆ ಒಳಗಾದ ಕೋಶಗಳನ್ನು ಗುರುತಿಸಿ ಕೊಲ್ಲುವುದು ಅವುಗಳ ಧರ್ಮ. ಕ್ಯಾನ್ಸರ್ ಕೋಶವು ಹೊರಗಿನಿಂದ ಬಂದದ್ದಲ್ಲ, ನಮ್ಮದೇ ದೇಹದಲ್ಲಿ ಹುಟ್ಟಿದ್ದು. ಆದ್ದರಿಂದ ಟಿ ಕೋಶಗಳು ಅದನ್ನು ಕಂಡೂ ಕಾಣದಂತೆ ಬಿಟ್ಟುಬಿಡುತ್ತವೆ. ನಿಮ್ಮ ಗದ್ದೆಗಳಲ್ಲಿ ಭತ್ತದ ಪೈರಿನಂತೆಯೇ ತೋರುವ ಹುಲ್ಲೊಂದು ಪೈರಿನ ನಡುವೆಯೇ ಬೆಳೆಯುತ್ತದೆ. ಹೊಸಬರಿಗೆ ಅದು ಕಳೆಯೆಂದು ತಿಳಿಯದು, ಅನುಭವಿಯಾದ ಹೆಣ್ಣುಮಗಳು ಮಾತ್ರ ಎಲೆಯ ಬುಡದ ಒಂದು ಗುರುತನ್ನು ನೋಡಿ ಅದನ್ನೇ ಆರಿಸಿ ಕಿತ್ತುಹಾಕುತ್ತಾಳೆ. ಟಿ ಕೋಶಕ್ಕೆ ಆ ಗುರುತನ್ನು ಕಾಣುವ ಕಣ್ಣನ್ನು ಕೊಡುವುದೇ ಕಾರ್-ಟಿ ಎಂದು ಹೆಸರಾದ ಚಿಕಿತ್ಸೆಯ ಸಾರ.

ಅದರ ವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರೋಗಿಯ ರಕ್ತವನ್ನು ಕೆಲವು ಗಂಟೆಗಳ ಕಾಲ ಒಂದು ಯಂತ್ರದ ಮೂಲಕ ಹಾಯಿಸಿ, ಬಿಳಿಯ ಕಣಗಳನ್ನು ಬೇರ್ಪಡಿಸಿಕೊಂಡು, ಉಳಿದ ರಕ್ತವನ್ನು ಅವನ ಮೈಗೇ ಹಿಂದಿರುಗಿಸುತ್ತಾರೆ. ಪ್ರಯೋಗಾಲಯದಲ್ಲಿ, ರೋಗ ಹುಟ್ಟಿಸುವ ಶಕ್ತಿಯನ್ನು ಕಳೆದ ಒಂದು ವೈರಸ್ಸಿನ ಮೂಲಕ ಹೊಸ ಜೀನನ್ನು ಆ ಕಣಗಳೊಳಗೆ ಸೇರಿಸುತ್ತಾರೆ. ಆ ಜೀನಿನ ಫಲವಾಗಿ ಕೋಶದ ಮೈಮೇಲೆ, ಕ್ಯಾನ್ಸರಿನ ನಿರ್ದಿಷ್ಟವಾದ ಗುರುತೊಂದನ್ನು ಹಿಡಿಯಬಲ್ಲ ಗ್ರಾಹಕ ಮೂಡುತ್ತದೆ. ಆ ಕೋಶಗಳನ್ನು ಕೋಟಿಗಟ್ಟಲೆ ಬೆಳೆಸಿ, ಹೆಪ್ಪುಗಟ್ಟಿಸಿ, ಆಸ್ಪತ್ರೆಗೆ ತಂದು, ರೋಗಿಗೆ ಕೆಲವು ದಿನ ಸೌಮ್ಯವಾದ ಕಿಮೋಥೆರಪಿ ಕೊಟ್ಟು ಮೈಯಲ್ಲಿ ಅವುಗಳಿಗೆ ಎಡೆಮಾಡಿದ ಮೇಲೆ, ಒಂದು ಚಿಕ್ಕ ಚೀಲದಿಂದ ರಕ್ತನಾಳಕ್ಕೆ ಏರಿಸುತ್ತಾರೆ. ಏರಿಸುವುದಕ್ಕೆ ಹಿಡಿಯುವ ಕಾಲ ಅಲ್ಪ. ಕಾಯುವ ದಿನಗಳು ಭಾರವಾದವು. ಕೋಶಗಳು ಗಡ್ಡೆಯ ಮೇಲೆ ಬಿದ್ದು ಹೋರಾಡುವಾಗ ತೀವ್ರವಾದ ಜ್ವರ ಬರುತ್ತದೆ, ರಕ್ತದೊತ್ತಡ ಕುಸಿಯಬಹುದು, ಬುದ್ಧಿ ಮಂಕಾಗಬಹುದು. ಆದುದರಿಂದ ದಾದಿಯು ಪ್ರತಿದಿನವೂ ಹಾಸಿಗೆಯ ಬಳಿ ಬಂದು, ನೂರರಿಂದ ಹತ್ತು ಹತ್ತು ಕಳೆಯುತ್ತ ಹಿಂದಕ್ಕೆ ಎಣಿಸುವಂತೆ ಹೇಳುತ್ತಾಳೆ, ಕಾಗದದ ಮೇಲೆ ಒಂದು ವಾಕ್ಯವನ್ನು ಬರೆಯಿಸುತ್ತಾಳೆ. ನಿನ್ನೆಯ ಬರಹಕ್ಕಿಂತ ಇಂದಿನದು ಸೊಟ್ಟಗಾಗಿದ್ದರೆ ಮಿದುಳಿಗೆ ಬಾಧೆ ತಟ್ಟಿದೆಯೆಂದು ವೈದ್ಯರು ಎಚ್ಚತ್ತುಕೊಳ್ಳುತ್ತಾರೆ. ಇಂತಹ ನಿಗಾ ಇಲ್ಲದ ಕಡೆ ಈ ಚಿಕಿತ್ಸೆ ಸಲ್ಲದು.

ರಕ್ತದ ಕ್ಯಾನ್ಸರುಗಳಲ್ಲಿ ಈ ವಿದ್ಯೆ ಬೇಗನೆ ಫಲಿಸಿತು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಬಾಲಕಿ ಇದರಿಂದ ಬದುಕಿದಳು. 2017ರಲ್ಲಿ ಅಮೆರಿಕ ಸರ್ಕಾರ ಮೊದಲ ಬಾರಿಗೆ ಅನುಮತಿಯಿತ್ತಿತು. ಗಟ್ಟಿ ಗಡ್ಡೆಗಳಲ್ಲಿ ಕಾರ್ಯ ಕಠಿಣವಾಯಿತು; ಏಕೆಂದರೆ ಗಡ್ಡೆಯ ಮೇಲಿರುವ ಗುರುತು ಹೃದಯ, ಶ್ವಾಸಕೋಶ, ಕರುಳುಗಳ ಮೇಲೆಯೂ ಇದ್ದರೆ, ತಿದ್ದಿದ ಕೋಶಗಳು ಅವುಗಳನ್ನೂ ಬಿಡುವುದಿಲ್ಲ. ವೃಷಣದ ಕ್ಯಾನ್ಸರಿನಲ್ಲಿ ಪ್ರಕೃತಿಯೇ ಒಂದು ಉಪಕಾರ ಮಾಡಿದೆ. ಕ್ಲಾಡಿನ್-6 ಎಂಬ ಪ್ರೋಟೀನು ಗರ್ಭಸ್ಥ ಶಿಶುವಿನಲ್ಲಿ ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಕೆಲಸ ಮಾಡಿ, ಜನನಾನಂತರ ಆರೋಗ್ಯವಂತರ ಅಂಗಗಳಿಂದ ಬಹುಮಟ್ಟಿಗೆ ಮಾಯವಾಗುತ್ತದೆ. ಬೀಜದ ಗಡ್ಡೆಗಳು ಭ್ರೂಣಾವಸ್ಥೆಯ ಸ್ವಭಾವಕ್ಕೆ ಮರಳುವುದರಿಂದ ಅವುಗಳ ಮೈಮೇಲೆ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಕೋವಿಡ್ ಲಸಿಕೆಯಿಂದ ನೀವೆಲ್ಲ ಹೆಸರು ಕೇಳಿರಬಹುದಾದ ಜರ್ಮನಿಯ ಬಯೋಎನ್‌ಟೆಕ್ ಸಂಸ್ಥೆಯು ಕ್ಲಾಡಿನ್-6ನ್ನು ಗುರಿಯಾಗಿಟ್ಟುಕೊಂಡ ಟಿ ಕೋಶಗಳನ್ನು ನಿರ್ಮಿಸಿತು. ಆ ಕೋಶಗಳು ದೇಹದಲ್ಲಿ ಬೇಗ ಸೊರಗಿಹೋಗದಂತೆ, ಕೋವಿಡ್ ಲಸಿಕೆಯ ಜಾತಿಯದೇ ಆದ ಒಂದು ಎಂ.ಆರ್.ಎನ್.ಎ. ಲಸಿಕೆಯನ್ನೂ ಜೊತೆಗೂಡಿಸಿತು. ಜರ್ಮನಿ ಮತ್ತು ನೆದರ್ಲೆಂಡ್ಸ್‌ಗಳ ಆಸ್ಪತ್ರೆಗಳಲ್ಲಿ, ಬೇರೆಲ್ಲ ಚಿಕಿತ್ಸೆಗಳೂ ಸೋತ 22 ರೋಗಿಗಳಿಗೆ ಇದನ್ನು ಕೊಟ್ಟ ಮೊದಲ ಹಂತದ ವರದಿ 2023ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ಈ ಕುಲದ ಗಡ್ಡೆಯ ರೋಗಿಗಳೇ. ಪರಿಣಾಮವನ್ನು ಅಳೆಯಲು ಸಾಧ್ಯವಾದ 21 ಮಂದಿಯಲ್ಲಿ 7 ಮಂದಿಯ ಗಡ್ಡೆ ಗಮನಾರ್ಹವಾಗಿ ಕುಗ್ಗಿತು. ಒಬ್ಬರಲ್ಲಿ ಪೂರ್ತಿಯಾಗಿ ಕರಗಿಹೋಯಿತು. ಅದಕ್ಕೆ ಮೊದಲೇ, 2022ರಲ್ಲಿ, ಯುರೋಪಿನ ಔಷಧ ಸಂಸ್ಥೆಯು ವೃಷಣದ ಕ್ಯಾನ್ಸರಿನ ಮಟ್ಟಿಗೆ ಈ ಚಿಕಿತ್ಸೆಗೆ ಶೀಘ್ರ ಪರಿಶೀಲನೆಯ ವಿಶೇಷ ಸ್ಥಾನವನ್ನು ಕೊಟ್ಟಿತ್ತು. ಅನೇಕರಲ್ಲಿ ಪರಿಣಾಮವು ತಿಂಗಳುಗಳಷ್ಟೇ ನಿಂತಿತೆಂಬುದನ್ನೂ, ಇದು ಪ್ರಯೋಗಾವಸ್ಥೆಯ ಚಿಕಿತ್ಸೆಯೇ ಹೊರತು ಅಂಗಡಿಯಲ್ಲಿ ದೊರೆಯುವ ಮದ್ದಲ್ಲವೆಂಬುದನ್ನೂ ಮರೆಮಾಚುವುದು ನಿಮಗೆ ಮಾಡುವ ಅಪಚಾರವಾದೀತು. ಆದರೂ, ಯಾವ ಮದ್ದೂ ನಾಟದಿದ್ದ ಗಡ್ಡೆಗಳು ರೋಗಿಯ ಸ್ವಂತ ಕೋಶಗಳಿಗೆ ಕರಗಿದವೆಂಬ ಸತ್ಯವನ್ನು ಇನ್ನು ಯಾರೂ ಅಳಿಸಲಾರರು.

ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. ಮುಂಬಯಿಯ ಐಐಟಿಯ ರಾಹುಲ್ ಪುರ್ವಾರ್ ಅವರ ತಂಡವು ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರೊಡಗೂಡಿ ನಿರ್ಮಿಸಿದ ನೆಕ್ಸ್‌ಕಾರ್-19 ಎಂಬ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ದೊರೆತು, 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಅದನ್ನು ಲೋಕಾರ್ಪಣೆ ಮಾಡಿದರು. ನಮ್ಮ ಬೆಂಗಳೂರಿನಲ್ಲಿಯೇ, ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲಿ, ಕಿರಣ್ ಮಜುಂದಾರ್ ಷಾ, ಸಿದ್ಧಾರ್ಥ ಮುಖರ್ಜಿ ಮೊದಲಾದವರು ಸ್ಥಾಪಿಸಿದ ಇಮ್ಯುನೀಲ್ ಎಂಬ ಸಂಸ್ಥೆಯುಂಟು. ಸ್ಪೇನಿನ ಬಾರ್ಸಿಲೋನಾದ ಆಸ್ಪತ್ರೆಯೊಂದರಿಂದ ಪಡೆದ ವಿದ್ಯೆಯನ್ನು ಇಲ್ಲಿ ಬೆಳೆಸಿ, ಕಾರ್ಟೆಮಿ ಎಂಬ ಹೆಸರಿನಿಂದ 2025ರ ಜನವರಿಯಲ್ಲಿ ಅದು ಬಳಕೆಗೆ ತಂದಿತು. ಇವೆರಡೂ ಸಿಡಿ-19 ಎಂಬ ಗುರುತನ್ನು ಅರಸುವ, ರಕ್ತದ ಹಾಗೂ ದುಗ್ಧರಸಗ್ರಂಥಿಗಳ ಕ್ಯಾನ್ಸರುಗಳಿಗೆ ಮೀಸಲಾದ ಚಿಕಿತ್ಸೆಗಳೇ ಹೊರತು ವೃಷಣದ ಕ್ಯಾನ್ಸರಿಗೆ ಸಲ್ಲುವಂಥವಲ್ಲ. ಆದರೆ ಕೋಶಗಳನ್ನು ಬೇರ್ಪಡಿಸುವ, ತಿದ್ದುವ, ಬೆಳೆಸುವ, ರೋಗಿಯನ್ನು ಜತನ ಮಾಡುವ ಕೌಶಲವೆಲ್ಲ ಕನ್ನಡನಾಡಿನಲ್ಲಿಯೇ ಇದೆಯೆಂದ ಮೇಲೆ, ಗುರಿಯನ್ನು ಬದಲಿಸಿ ಇತರ ಕ್ಯಾನ್ಸರುಗಳತ್ತಲೂ ಅದನ್ನು ತಿರುಗಿಸಬೇಕೆಂದು ಕೇಳುವ ಹಕ್ಕು ನಮಗುಂಟು.

ಬೆಲೆಯ ಮಾತು ಬಂದಾಗ ಮನಸ್ಸು ಕುಗ್ಗುತ್ತದೆ. ಅಮೆರಿಕದಲ್ಲಿ ಮೂರು ನಾಲ್ಕು ಕೋಟಿ ರೂಪಾಯಿಯಾಗುವ ಕಾರ್-ಟಿ ನಮ್ಮಲ್ಲಿ ನಲವತ್ತು ಲಕ್ಷದ ಆಸುಪಾಸಿಗೆ ಇಳಿದಿದೆ. ಈ ಇಳಿಕೆ ಶ್ಲಾಘ್ಯವೇ ಸರಿ. ಆದರೆ ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬವೊಂದಕ್ಕೆ ವರ್ಷಕ್ಕೆ ದೊರೆಯುವುದು 5 ಲಕ್ಷ. ಭತ್ತದ ಮಿಲ್ಲಿನಲ್ಲಿ ಮೂಟೆ ಹೊರುವ ಹಮಾಲನಿಗೂ, ಎರಡೆಕರೆ ಒಣಬೇಸಾಯದ ರೈತನಿಗೂ ನಡುವಿನ ಮೂವತ್ತೈದು ಲಕ್ಷ ಎಲ್ಲಿಂದ ಬರಬೇಕು? ಮೊದಲ ಹಂತದ ಚಿಕಿತ್ಸೆಯಾದರೋ ಆ 5 ಲಕ್ಷದ ಆಶ್ರಯದಲ್ಲಿ ಸಾಮಾನ್ಯವಾಗಿ ಮುಗಿಯುವಂಥದು. ಬೇಗನೆ ಬಂದವನಿಗೆ ಆರೋಗ್ಯವೂ ಉಳಿಯುತ್ತದೆ, ಹೊಲವೂ ಉಳಿಯುತ್ತದೆ.

ಹತಾಶೆಯ ಸಮಯವನ್ನೇ ಕಾದು ಕುಳಿತ ಮೋಸಗಾರರೂ ಇದ್ದಾರೆಂಬುದನ್ನು ನೆನಪಿನಲ್ಲಿಡಿರಿ. "ರೋಗನಿರೋಧಕ ಕೋಶದ ಚಿಕಿತ್ಸೆ", "ಸ್ಟೆಮ್ ಸೆಲ್ ಚಿಕಿತ್ಸೆ" ಎಂಬ ಆಕರ್ಷಕವಾದ ಹೆಸರುಗಳನ್ನು ಹಚ್ಚಿ, ಪ್ರಮಾಣವಿಲ್ಲದ ಇಂಜೆಕ್ಷನ್ನುಗಳಿಗೆ ಲಕ್ಷಗಟ್ಟಲೆ ಹಣ ಕೀಳುವವರು ಎದುರಾಗಬಹುದು. ನಿಜವಾದ ಪ್ರಯೋಗವಾಗಿದ್ದರೆ ಅದು ಭಾರತದ ವೈದ್ಯಕೀಯ ಪ್ರಯೋಗಗಳ ನೋಂದಣಿಯಲ್ಲಿ, ಎಂದರೆ ಸಿ.ಟಿ.ಆರ್.ಐ.ಯಲ್ಲಿ, ನಮೂದಾಗಿರುತ್ತದೆ; ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆಯಿರುತ್ತದೆ; ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ನಿಮ್ಮ ಸಹಿ ಪಡೆಯುತ್ತಾರೆ; ಪ್ರಯೋಗದಲ್ಲಿರುವ ಮದ್ದಿಗಾಗಿ ರೋಗಿಯಿಂದ ಹಣ ಕೇಳುವುದಿಲ್ಲ. ನೋಂದಣಿಯ ಸಂಖ್ಯೆಯನ್ನು ಕೇಳಿರಿ. ಕೊಡಲು ತಡವರಿಸುವವರ ಮೆಟ್ಟಿಲನ್ನು ಅಲ್ಲಿಗೇ ಇಳಿದುಬಿಡಿರಿ.

ಇನ್ನು ನಾವೆಲ್ಲರೂ ಕೂಡಿ ಕೇಳಬೇಕಾದ ವಿಷಯ. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ದೊರೆತ ಶಾಸನದಿಂದ ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂಬುದು ಲೋಕಕ್ಕೆ ನಿಶ್ಚಿತವಾಯಿತು. ಆ ಅಶೋಕನು ತನ್ನ ಎರಡನೆಯ ಗಿರಿಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ವ್ಯವಸ್ಥೆ ಮಾಡಿಸಿದುದನ್ನು, ಔಷಧಿಯ ಸಸ್ಯಗಳಿಲ್ಲದ ಕಡೆಗೆ ಅವುಗಳನ್ನು ತರಿಸಿ ನೆಡಿಸಿದುದನ್ನು ಹೇಳಿಕೊಂಡಿದ್ದಾನೆ. ಇಲ್ಲದಿರುವ ಔಷಧವನ್ನು ಇರುವಲ್ಲಿಂದ ತರಿಸುವುದು ಆಳುವವರ ಧರ್ಮವೆಂಬುದು ನಮ್ಮ ನೆಲಕ್ಕೆ ಹೊಸ ಮಾತಲ್ಲ. ಸಂವಿಧಾನದ 371(ಜೆ) ವಿಧಿಯ ಮೂಲಕ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬಂದಿದೆ, ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ. ಮೂರೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಬೇಕಾದ ದಿನವೇ ಸ್ಕ್ಯಾನಿಂಗ್ ದೊರೆಯಬೇಕು, ಎ.ಎಫ್.ಪಿ., ಎಚ್.ಸಿ.ಜಿ. ರಕ್ತಪರೀಕ್ಷೆಗಳು ರಾಯಚೂರಿನ ರಿಮ್ಸ್ ಮೂಲಕ ಉಚಿತವಾಗಿ ಆಗಬೇಕು. ಕಾಲೇಜುಗಳಲ್ಲಿಯೂ ಹಟ್ಟಿಯ ಗಣಿಯಲ್ಲಿಯೂ ವರ್ಷಕ್ಕೊಮ್ಮೆ ಗಂಡಸು ವೈದ್ಯರೊಬ್ಬರು ಬಂದು ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅಸ್ಥಿಮಜ್ಜೆ ಕಸಿಗೂ ಕೋಶಚಿಕಿತ್ಸೆಗೂ ಹೋಗಬೇಕಾದ ನಮ್ಮ ಭಾಗದ ರೋಗಿಗಳಿಗಾಗಿ ಪ್ರತ್ಯೇಕವಾದ ನಿಧಿಯೊಂದಿರಬೇಕು. ಕಿದ್ವಾಯಿಯಂತಹ ಸರ್ಕಾರಿ ಸಂಸ್ಥೆಯು ಕೋಶಚಿಕಿತ್ಸೆಯ ಪ್ರಯೋಗಗಳನ್ನು ಕೈಗೆತ್ತಿಕೊಳ್ಳಬೇಕು. ಇವುಗಳಲ್ಲಿ ಒಂದೂ ಅಸಾಧ್ಯವಾದುದಲ್ಲ. ಸಿಂಧನೂರಿಗೆ ರೈಲು ಬರಲೆಂದು ತಲೆಮಾರುಗಳು ಕೇಳಿದವು. 2024ರಲ್ಲಿ ಅದು ಬಂದಿತು. ಕೇಳುವ ಬಾಯಿಗಳು ಒಂದಾದರೆ ಇದೂ ಬಂದೀತು.

ಕೊನೆಯದಾಗಿ, ನಿಮ್ಮಲ್ಲಿ ಪ್ರತಿಯೊಬ್ಬರಿಂದಲೂ ನಾಲ್ಕು ಕಾರ್ಯಗಳನ್ನು ಬೇಡುತ್ತೇನೆ. ಈ ತಿಂಗಳಲ್ಲಿಯೇ ಒಮ್ಮೆ ನಿಮ್ಮ ಮೈಯನ್ನು ನೀವೇ ಪರೀಕ್ಷಿಸಿಕೊಳ್ಳಿರಿ. ಸಂಶಯ ಬಂದರೆ ಒಂದು ವಾರವನ್ನೂ ಕಳೆಯದೆ ಸರ್ಕಾರಿ ಆಸ್ಪತ್ರೆಗೆ ಹೋಗಿ, "ನನ್ನ ಬೀಜದಲ್ಲಿ ಗಂಟಿದೆ, ಸ್ಕ್ಯಾನಿಂಗ್ ಮಾಡಿರಿ" ಎಂದು ಅದೇ ಮಾತುಗಳಲ್ಲಿ ಹೇಳಿರಿ. ಗೆಳೆಯನೊಬ್ಬ ಕಿಮೋಥೆರಪಿಯಲ್ಲಿದ್ದರೆ ಅವನ ಪಾಲಿನ ನಾಟಿಯನ್ನೋ ಕೊಯ್ಲನ್ನೋ ನೀವು ಮುಗಿಸಿಕೊಟ್ಟು, ಅವನು ಒಂದು ಸುತ್ತನ್ನೂ ತಪ್ಪಿಸದಂತೆ ನೋಡಿಕೊಳ್ಳಿರಿ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇಂದಿಗೂ ಜೀವಂತವಾಗಿದೆ, ಅದರ ಇದಕ್ಕಿಂತ ಉತ್ತಮವಾದ ಬಳಕೆ ಮತ್ತೊಂದಿಲ್ಲ. ಎಲ್ಲ ಮದ್ದುಗಳೂ ಸೋತವನು ನಿಮ್ಮ ಓಣಿಯಲ್ಲಿದ್ದರೆ ಅವನನ್ನು ವಿಧಿಗೆ ಒಪ್ಪಿಸಿ ಸುಮ್ಮನಾಗದೆ, ಅವನ ಕಾಗದಪತ್ರಗಳನ್ನು ಹಿಡಿದು ದೊಡ್ಡ ಆಸ್ಪತ್ರೆಯ ತಜ್ಞರ ಮುಂದೆ ನಿಂತು, ಮಜ್ಜೆಯ ಕಸಿ ಸಾಧ್ಯವೇ, ಯಾವುದಾದರೂ ನೋಂದಾಯಿತ ಪ್ರಯೋಗವಿದೆಯೇ ಎಂದು ಅವನ ಪರವಾಗಿ ಕೇಳಿರಿ. ಕೋಶಗಳನ್ನು ತಿದ್ದುವ ವಿದ್ಯೆಯನ್ನು ವಿಜ್ಞಾನಿಗಳು ಬೆಳೆಸುತ್ತಿದ್ದಾರೆ. ಆ ವಿದ್ಯೆ ಪಕ್ವವಾಗಿ ನಮ್ಮ ಬಾಗಿಲಿಗೆ ಬರುವ ದಿನ ಅದರ ಅವಶ್ಯಕತೆ ಬೀಳುವವರು ಅತ್ಯಲ್ಪರಾಗಿರುವಂತೆ ಮಾಡುವುದು, ಮತ್ತು ಆ ಅತ್ಯಲ್ಪರಲ್ಲಿ ಒಬ್ಬನೂ ಬಡತನದ ಕಾರಣದಿಂದ ಹೊರಗುಳಿಯದಂತೆ ಹೋರಾಡುವುದು ನಿಮ್ಮ ಪೀಳಿಗೆಯ ಕರ್ತವ್ಯ.

ಇತಿ,
ನಿಮ್ಮೆಲ್ಲರ ಆಯುರಾರೋಗ್ಯವನ್ನು ಹಾರೈಸುವ,
ನಿಮ್ಮ ಸೀಮೆಯ ಒಬ್ಬ ಹಿರಿಯ